ಹೊಲಿದದ್ದು, ಬಡಿದದ್ದು

ಲಗ್ಗೆರೆಯ ಮೂರನೇ ಅಡ್ಡರಸ್ತೆ, ನಮ್ಮ ತಾರಸಿ.
ಈ ಕಡೆ ನನ್ನ ದೋಣಿ, ಆ ಕಡೆ ಬೈಲಪ್ಪಣ್ಣನದು,
ನಡುವೆ ಬಟ್ಟೆ ಒಣಗುವ ತಂತಿ.
ಹತ್ತಿರದ ಕೆರೆಗೆ ಬೇಲಿ, ಬೀಗ, ಒಬ್ಬ ಕಾವಲುಗಾರ.
ದೋಣಿ ಯಾಕೆ ಎಂದು ಕೇಳದವರಿಲ್ಲ.

ಪೀಣ್ಯದ ಫೌಂಡ್ರಿಯಲ್ಲಿ ಮೂವತ್ತೊಂದು ವರ್ಷ
ಮರದ ಪ್ಯಾಟರ್ನು ಕೆತ್ತಿದ ಕೈ ಅಣ್ಣನದು.
ಪಂಪಿನ ಹೊಟ್ಟೆ, ವಾಲ್ವಿನ ಕತ್ತು, ಎಲ್ಲ ತೇಗದಲ್ಲಿ.
ಮರಳಿಗೆ ಒತ್ತಿ, ಗುರುತು ಬಿಟ್ಟು,
ಮರ ಹೊರಗೆ ಬರುತ್ತೆ, ಕರಗಿದ ಬೀಡು ಒಳಗೆ ಹೋಗುತ್ತೆ.
“ನಾ ಮಾಡಿದ ಮರ ಯಾವುದೂ ಎಲ್ಲಿಗೂ ಹೋಗಲಿಲ್ಲ ಕಣೆ ಚೌಡಿ”
ಅಂದ ಒಂದು ರಾತ್ರಿ, ಮುದ್ದೆ ಮುರಿಯುತ್ತ.

ಅವನ ಲೆಕ್ಕ: ಮೊದಲು ಬೆನ್ನು.
ಬೆನ್ನಿಗೆ ಪಕ್ಕೆ. ಪಕ್ಕೆಗೆ ಹಲಗೆ,
ಹೆಂಚು ಹೊದಿಸಿದ ಹಾಗೆ ಒಂದರಂಚು ಇನ್ನೊಂದರ ಮೇಲೆ,
ಗೇಣಿಗೊಂದು ತಾಮ್ರದ ಮೊಳೆ, ಒಳಗೆ ಬಿಲ್ಲೆ, ಬಡಿದು ಮಡಿಸು.
ಹಲಗೆ ಬಾಗದಿದ್ದರೆ ಹಬೆ:
ಹಂಡೆಯ ಬಾಯಿಗೆ ತಗಡಿನ ಕೊಳವೆ,
ಅದರೊಳಗೆ ಹೊನ್ನೆ, ಮುಕ್ಕಾಲು ಗಂಟೆ.
ಇಡ್ಲಿಗಿಂತ ಜಾಸ್ತಿ, ಅಂದೆ. ಅವನು ನಗಲಿಲ್ಲ.
ತೆಗೆದ ಹಲಗೆಯನ್ನು ಹತ್ತು ಎಣಿಸುವುದರೊಳಗೆ ಬಗ್ಗಿಸಬೇಕು,
ಆಮೇಲೆ ಅದು ಯಾರ ಮಾತೂ ಕೇಳಲ್ಲ.

ನನಗೆ ಬೆನ್ನು ಬೇಡ, ಪಕ್ಕೆ ಬೇಡ.
ಮರೈನ್ ಪ್ಲೈವುಡ್ಡು ಮೂರು ಷೀಟು,
ನೆಲಕ್ಕೆ ಹಾಸಿ ಸೀಮೆಸುಣ್ಣದ ಗೆರೆ.
ಬ್ಲೌಸಿಗೆ ದುಂಡು ಹೇಗೆ ಬರುತ್ತೆ? ಬಟ್ಟೆ ಚಪ್ಪಟೆ, ಮೈ ಅಲ್ಲ;
ಇಬ್ಬರ ನಡುವಿನ ವ್ಯಾಜ್ಯ ತೀರಿಸುವುದು ಡಾರ್ಟು.
ಅಂಚಿಗೆ ಅಂಚು, ನಾಲ್ಕು ಬೆರಳಿಗೊಂದು ತೂತು, ತಾಮ್ರದ ತಂತಿ.
ತಿರುಚಿದ ಹಾಗೆ ಎದ್ದು ನಿಂತಿತು,
ಹೊಟ್ಟೆ ಬಂತು, ಮೂತಿ ಬಂತು.
ಎಪಾಕ್ಸಿಗೆ ಮರದ ಹುಡಿ ಕಲಸಿ
ಚಮಚದ ಬೆನ್ನಲ್ಲಿ ಸಂದಿಗೆ ಸವರಿದೆ.
ಹನ್ನೊಂದು ದಿನ. ಅಣ್ಣನಿಗೆ ಎಂಟು ತಿಂಗಳು.

“ಅಂಟು ಬಿಟ್ಟರೆ?” ಅಂದ.
“ಮೊಳೆ ಬಿಟ್ಟರೆ?” ಅಂದೆ.
“ಇನ್ನೊಂದು ಹೊಡೀತೀನಿ.
ನಿಂದು ಸೀಳಿದರೆ ಗರಗಸ ಹಿಡಿದು ಅಳಬೇಕು.”
ಅದು ನಿಜ. ಬರೆದಿಟ್ಟುಕೊಂಡೆ
ಅಳತೆ ಪುಸ್ತಕದಲ್ಲಿ, ಯಾರದೋ ಸೊಂಟದ ಪಕ್ಕ.

ಮೀನಂಗಡಿಯ ದಾಸು ಖಾರ್ವಿ, ಗಂಗೊಳ್ಳಿಯವರು,
ಮೆಟ್ಟಿಲು ಹತ್ತಿ ಬಂದು ಎರಡನ್ನೂ ಗೆಣ್ಣಿಂದ ತಟ್ಟಿ
ಕಿವಿಗೊಟ್ಟರು, ಹಲಸಿನಹಣ್ಣು ಕೊಳ್ಳುವವರ ಹಾಗೆ.
“ನಮ್ಮ ಅಜ್ಜಂದಿರು ಮೊಳೆ ಹೊಡೆದವರಲ್ಲ.
ಹಲಗೆಗೆ ಹಲಗೆ, ತೆಂಗಿನ ಹುರಿ, ಹೊಲಿಗೆಯೇ.
ಅಲೆ ಬಡಿದರೆ ಮೊಳೆ ಹಟ ಮಾಡ್ತದೆ, ಹುರಿ ಚೂರು ಸಡಿಲ ಬಿಡ್ತದೆ.”
ನಾನು ಅಣ್ಣನ ಮುಖ ನೋಡಿದೆ.
“ಆದ್ರೆ ಇದು,” ನನ್ನದನ್ನು ಮತ್ತೆ ತಟ್ಟಿ, “ಹೊಲಿಗೆ ಅಲ್ಲ ಮಾರಾಯ್ತಿ.
ಅಂಟು ಒಣಗಿದ ಮೇಲೆ ತಂತಿ ಕಿತ್ತೆಯಲ್ಲ?”
ಗೊತ್ತಿತ್ತು. ಕಚ್ಚಾ ಹೊಲಿಗೆ.

ಇನ್ನು ನೀರು.
ಬಡಿದ ದೋಣಿ ಮೊದಲು ಕುಡಿಯಬೇಕು.
ಮರ ಉಬ್ಬಿ, ಹಲಗೆ ಹಲಗೆಯನ್ನು ಒತ್ತಿ,
ತೊಟ್ಟಿಕ್ಕಿ ತೊಟ್ಟಿಕ್ಕಿ ತಾನೇ ಬಾಯಿ ಮುಚ್ಚುತ್ತೆ.
ಮಾರ್ಚಿ ತಿಂಗಳು. ಕಾವೇರಿ ವಾರಕ್ಕೊಮ್ಮೆ, ಅದೂ ರಾತ್ರಿ ಎರಡಕ್ಕೆ.
ಏಳು ಜನ ಹಗ್ಗ ಕಟ್ಟಿ ಇಳಿಸಿದ ದೋಣಿಯೊಳಕ್ಕೆ
ಅಣ್ಣ ಟ್ಯಾಂಕರಿನ ಪೈಪು ಬಿಟ್ಟ, ಸಾವಿರದ ಇನ್ನೂರು.
ನೀರಲ್ಲಿ ದೋಣಿ ಇರಬೇಕು, ದೋಣಿಯಲ್ಲಿ ನೀರಲ್ಲ, ಅಂತಾರೆ.
ನಮ್ಮ ರಸ್ತೆಯಲ್ಲಿ ತಿರುಗುಮುರುಗು.
ಮೊದಲ ದಿನ ಚರಂಡಿಗೆ ಧಾರೆ.
ಎದುರುಮನೆ ಸಲೀಮಾಬಿ ಬೈದರು, ಸರಿಯಾಗೇ ಬೈದರು,
ಬೈಯುತ್ತಲೇ ಸೋರುವ ಕಡೆ ಬಿಂದಿಗೆ ಒಡ್ಡಿದರು.
ಎರಡನೇ ದಿನ ಎಂಟು ಬಕೆಟ್ಟು, ಸಾಲಾಗಿ.
ಮೂರನೇ ಸಂಜೆ ಬಕೆಟ್ಟಿನವರು ಕಾದರು,
ಹನಿ ಬೀಳಲಿಲ್ಲ.
ಅಣ್ಣ ಹೊರಮೈ ಸವರಿ ಅಂಗೈ ನೋಡಿಕೊಂಡ.
ಆಮೇಲೆ ಅವರು ಮೇಲಿಂದಲೇ ಮೊಗೆದುಕೊಂಡರು,
ಪಾತ್ರೆಗೆ, ಬಟ್ಟೆಗೆ. ಖಾಲಿಯಾದರೆ ಹಲಗೆ ಮತ್ತೆ ಬಿರಿಯುತ್ತೆ.
ಅವನು ಬೇಡ ಅನ್ನಲಿಲ್ಲ.

ನನ್ನದಕ್ಕೆ ನೀರು ಬೇಕಿಲ್ಲ.
ತಾರಸಿಯಲ್ಲಿ ಬೋರಲು ಮಲಗಿದೆ, ಇಬ್ಬರು ಎತ್ತಬಹುದು,
ಬಿಸಿಲಿಗೆ ಅಂಟು ಹಳದಿ ತಿರುಗಿದೆ, ಬಣ್ಣ ಬಳಿಯಬೇಕು.
ಮೂತಿಯ ಒಳಗೆ ಒಂದು ತುಂಡು ತಂತಿ,
ಕೀಳಲಾಗದೆ ಉಳಿದದ್ದು, ಬೆರಳಿಗೆ ಚುಚ್ಚುತ್ತೆ.
“ಉಜ್ಜಿ ತೆಗಿ” ಅಂತ ಅಣ್ಣ ಉಪ್ಪುಕಾಗದ ಕೊಟ್ಟಿದ್ದಾನೆ.
ಮಷೀನಿನ ಡ್ರಾಯರಿನಲ್ಲಿದೆ.